ಫೈಟರ್ ಮೀನಿನ ಮರಿ ಉಳಿಸಿಕೊಳ್ಳುವುದು ಹೇಗೆ: ಮೊದಲು ಮರಿಗಳ ಊಟ, ಜೋಡಿ ಆಮೇಲೆ

ಗಂಡು ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟಿತು. ಹೆಣ್ಣು ಮೊಟ್ಟೆ ಇಟ್ಟಿತು. ಎರಡು ದಿನಕ್ಕೆ ಗೂಡಿನ ಕೆಳಗೆ ಸಣ್ಣ ಸಣ್ಣ ಬಾಲಗಳು ನೇತಾಡಿದವು. ಐದನೇ ದಿನ ಟ್ಯಾಂಕ್ ತುಂಬ ಮರಿ, ಹತ್ತನೇ ದಿನ ಬೆರಳೆಣಿಕೆಯಷ್ಟು, ಹದಿನೈದನೇ ದಿನ ಒಂದೂ ಇಲ್ಲ. ಫೈಟರ್ ಮೀನಿನ ಮರಿ ಮಾಡಿಸಲು ಹೋದವರು ಮತ್ತೆ ಮತ್ತೆ ಹೇಳುವ ಕಥೆ ಇದು. ನನ್ನ ಮೊದಲ ಎರಡು ಬ್ಯಾಚ್‌ಗಳೂ ಹೀಗೇ ಹೋದವು.

ಹೀಗಾದಾಗ ಎಲ್ಲರ ಅನುಮಾನ ಮೊದಲು ಜೋಡಿಯ ಮೇಲೆ, ಆಮೇಲೆ ನೀರಿನ ಮೇಲೆ. ಆದರೆ ಬಹಳ ಸಲ ತಪ್ಪಿರುವುದು ಕೆಲಸದ ಕ್ರಮ. ಜನ ಮೊದಲು ಜೋಡಿ ತರುತ್ತಾರೆ, ಆಮೇಲೆ ಟ್ಯಾಂಕ್ ಹುಡುಕುತ್ತಾರೆ, ಮರಿ ಈಜಲು ಶುರು ಮಾಡಿದ ದಿನ "ಇವಕ್ಕೆ ಏನು ಹಾಕೋದು?" ಎಂದು ಕೇಳುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಮರಿಗಳ ಊಟ ಒಂದೇ ದಿನದಲ್ಲಿ ತಯಾರಾಗುವುದಿಲ್ಲ, ಮರಿಗಳು ಅಷ್ಟು ದಿನ ಕಾಯುವುದೂ ಇಲ್ಲ.

ಅದಕ್ಕೇ ಇಲ್ಲಿ ಕ್ರಮ ಹಿಂದುಮುಂದಾಗಿದೆ ಅನಿಸಬಹುದು. ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ. ಬರೆದಿರುವುದು ಮುಖ್ಯವಾಗಿ ಫೈಟರ್, ಅಂದರೆ ಬೆಟ್ಟಾ ಬಗ್ಗೆ. ಫೈಟರ್‌ನ ಸಂಬಂಧಿ ಮೀನುಗಳಾದ ಗೌರಾಮಿಗಳಿಗೂ ದಾರಿ ಹೆಚ್ಚುಕಡಿಮೆ ಇದೇ. ವ್ಯತ್ಯಾಸ ಇರುವ ಕಡೆಗಳನ್ನು ಕೊನೆಯ ಹತ್ತಿರ ಬೇರೆಯಾಗಿ ಹೇಳಿದ್ದೇನೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

- 20ರಿಂದ 40 ಲೀಟರಿನ ಒಂದು ಟ್ಯಾಂಕ್. ಅದಕ್ಕೆ ಸರಿಯಾಗಿ ಕೂರುವ ಮುಚ್ಚಳ ಇರಲೇಬೇಕು
- ಹೀಟರ್, ಥರ್ಮಾಮೀಟರ್
- ಏರ್ ಪಂಪ್, ಗಾಳಿ ಕಡಿಮೆ ಮಾಡುವ ವಾಲ್ವ್, ಸ್ಪಾಂಜ್ ಫಿಲ್ಟರ್
- ಹೆಣ್ಣನ್ನು ಗಂಡಿಗೆ ತೋರಿಸಲು ಒಂದು ಪಾರದರ್ಶಕ ಜಾಡಿ ಅಥವಾ ಎರಡೂ ಕಡೆ ತೆರೆದ ಗಾಜಿನ ಚಿಮಣಿ
- ಉದ್ದಕ್ಕೆ ಸೀಳಿದ ಥರ್ಮಕೋಲ್ ಲೋಟದ ಅರ್ಧ ಹೋಳು, ಇಲ್ಲವಾದರೆ ಅಂಗೈ ಅಗಲದ ಬಬಲ್ ರ‍್ಯಾಪ್
- ಒಣಗಿದ ಕಾಡು ಬಾದಾಮಿ ಎಲೆ, ಒಂದು ಹಿಡಿ ಜಾವಾ ಮಾಸ್ ಅಥವಾ ಬೇರೆ ನೀರಿನ ಗಿಡ
- ಸಣ್ಣ ಟಾರ್ಚ್, ಡ್ರಾಪರ್, ಏರ್ ಪಂಪಿನ ತೆಳು ಪೈಪ್ 2 ಮೀಟರ್, ಬಿಳಿ ಬಕೆಟ್
- ಅಮೋನಿಯಾ ಟೆಸ್ಟ್ ಕಿಟ್ (ಮೀನಿನ ಹೊಲಸು, ಕೊಳೆತ ಊಟದಿಂದ ನೀರಿಗೆ ಸೇರುವ ವಿಷ ಅಮೋನಿಯಾ)

ಟಾರ್ಚ್ ಯಾಕೆ ಅಂದರೆ, ಮೊದಲ ವಾರ ಮರಿಗಳು ಕಾಣುವುದೇ ಬದಿಯಿಂದ ಬೆಳಕು ಬಿಟ್ಟಾಗ. ಬಿಳಿ ಬಕೆಟ್ ಯಾಕೆ ಎನ್ನುವುದು ನೀರು ಬದಲಿಸುವಾಗ ಗೊತ್ತಾಗುತ್ತದೆ.

## ಹಂತ 1: ಮರಿಗಳ ಊಟ ಶುರು ಮಾಡಿ (ಜೋಡಿ ಬಿಡುವ ಕನಿಷ್ಠ ಎರಡು ವಾರ ಮೊದಲು)

ಆಗ ತಾನೇ ಹುಟ್ಟಿದ ಮರಿಯ ಉದ್ದ ಸುಮಾರು 3 ಮಿ.ಮೀ. ಅದರ ಬಾಯಿ ಎಷ್ಟಿರಬಹುದು, ಯೋಚಿಸಿ. ಮೀನಿನ ಕಾಳು ಎಷ್ಟೇ ನುಣ್ಣಗೆ ಪುಡಿ ಮಾಡಿದರೂ ಈ ಮರಿಗಳಿಗೆ ಅದು ಊಟ ಅಂತ ಅನಿಸುವುದೇ ಇಲ್ಲ. ಅಲುಗಾಡುವ ಜೀವವನ್ನು ಮಾತ್ರ ಅವು ಹಿಡಿಯುತ್ತವೆ. ಪುಡಿ ತಳಕ್ಕೆ ಹೋಗಿ ಕೊಳೆಯುತ್ತದೆ, ನೀರು ಕೆಡುತ್ತದೆ. ಮೊಟ್ಟೆಯ ಹಳದಿ ಕದಡಿ ಹಾಕಿದರೂ ಇದೇ ಗತಿ. ಎಷ್ಟೋ ಬ್ಯಾಚ್‌ಗಳು ಸಾಯುವುದು ಹಸಿವಿನಿಂದಲ್ಲ, ಹೀಗೆ ಕೆಟ್ಟ ನೀರಿನಿಂದ.

ಈ ಕೆಳಗಿನ ನಾಲ್ಕರಲ್ಲಿ ಕನಿಷ್ಠ ಎರಡನ್ನು ಶುರು ಮಾಡಿ. ಒಂದು ಕೈಕೊಟ್ಟರೆ ಇನ್ನೊಂದು ಇರಬೇಕು.

ಇನ್ಫ್ಯೂಸೋರಿಯಾ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳು. ಒಂದು ಜಾಡಿಗೆ ಹಳೆಯ ಅಕ್ವೇರಿಯಂ ನೀರು ತುಂಬಿ, ಒಂದೆರಡು ಒಣ ಎಲೆ, ಚಿಟಿಕೆಯಷ್ಟು ಮಾಸ್ ಹಾಕಿ ಬೆಳಕಿರುವ ಕಡೆ ಇಡಿ. ಮೊದಲು ನೀರು ಹಾಲಿನಂತೆ ಕದಡುತ್ತದೆ. ಆಗ ಅದರಲ್ಲಿ ಇರುವುದು ಬ್ಯಾಕ್ಟೀರಿಯಾ ಮಾತ್ರ, ಬಳಸಬೇಡಿ. ಕೆಲವು ದಿನ ಬಿಟ್ಟು ನೀರು ತಿಳಿಯಾಗುತ್ತದೆ. ಬೆಳಕಿಗೆ ಹಿಡಿದರೆ ಧೂಳಿನಂಥ ಚುಕ್ಕೆಗಳು ಓಡಾಡುವುದು ಕಾಣುತ್ತದೆ. ಈಗ ತಯಾರು. ಕೆಟ್ಟ ನಾತ ಬಂದರೆ ಚೆಲ್ಲಿ ಹೊಸದು ಇಡಿ.

ವಿನೆಗರ್ ಈಲ್. ವಿನೆಗರ್‌ನಲ್ಲಿ ಬೆಳೆಯುವ ತೆಳ್ಳನೆಯ ಹುಳು. ಅರ್ಧ ವಿನೆಗರ್, ಅರ್ಧ ನೀರು, ಒಂದೆರಡು ಹೋಳು ಸೇಬು, ಸ್ವಲ್ಪ ಹಳೆಯ ಕಲ್ಚರ್ (ಈಗಾಗಲೇ ಹುಳು ಬೆಳೆದಿರುವ ದ್ರಾವಣ), ಇಷ್ಟು ಸಾಕು. ಬೆಳೆಯುವುದು ನಿಧಾನ, ಹಾಗಾಗಿ ಮೂರು ನಾಲ್ಕು ವಾರ ಮೊದಲೇ ಇಡಬೇಕು. ಇದರ ದೊಡ್ಡ ಗುಣ ಏನೆಂದರೆ ಮೀನಿನ ನೀರಿನಲ್ಲಿ ದಿನಗಟ್ಟಲೆ ಬದುಕಿರುತ್ತದೆ, ನೀರಿನ ಮೇಲ್ಭಾಗದಲ್ಲೇ ಈಜಾಡುತ್ತದೆ. ಫೈಟರ್ ಮರಿಗಳು ಇರುವುದೂ ಅಲ್ಲೇ ಅಲ್ವಾ? ವಿನೆಗರ್ ಸಮೇತ ಟ್ಯಾಂಕಿಗೆ ಸುರಿಯಬೇಡಿ, ಹುಳುವನ್ನು ಬೇರ್ಪಡಿಸಿ ಹಾಕಿ.

ಬೇರ್ಪಡಿಸುವುದು ಸುಲಭ. ಉದ್ದ ಕುತ್ತಿಗೆಯ ಬಾಟಲಿಗೆ ಕಲ್ಚರ್ ಹಾಕಿ, ಕುತ್ತಿಗೆಯಲ್ಲಿ ಹತ್ತಿಯ ಉಂಡೆ ತುರುಕಿ, ಅದರ ಮೇಲೆ ಸಿಹಿನೀರು ಹಾಕಿ. ಹುಳುಗಳು ಗಾಳಿಗಾಗಿ ಹತ್ತಿಯೊಳಗಿಂದ ಮೇಲಿನ ನೀರಿಗೆ ಬರುತ್ತವೆ. ಮಾರನೇ ದಿನ ಡ್ರಾಪರಿನಿಂದ ತೆಗೆದರೆ ಆಯಿತು.

ಮೈಕ್ರೋವರ್ಮ್. ನನ್ನ ಮೆಚ್ಚಿನದು ಇದು, ಯಾಕೆಂದರೆ ಹಾಳಾಗುವುದು ಕಷ್ಟ. ಬೇಯಿಸಿ ಆರಿಸಿದ ಓಟ್ಸ್ ಗಂಜಿಯನ್ನು ಡಬ್ಬಿಯಲ್ಲಿ 1 ಸೆಂ.ಮೀ. ದಪ್ಪಕ್ಕೆ ಹರಡಿ. ಮೇಲೆ ಚಿಟಿಕೆ ಯೀಸ್ಟ್, ಒಂದು ಚಮಚ ಹಳೆಯ ಕಲ್ಚರ್. ಮುಚ್ಚಳಕ್ಕೆ ಸಣ್ಣ ತೂತು. ಸುಮಾರು ಒಂದು ವಾರಕ್ಕೆ ಹುಳುಗಳು ಡಬ್ಬಿಯ ಗೋಡೆ ಹತ್ತುತ್ತವೆ. ಬೆರಳಿನಿಂದ ಒರೆಸಿ, ಲೋಟದ ನೀರಿನಲ್ಲಿ ಅದ್ದಿ, ಡ್ರಾಪರಿನಿಂದ ಹಾಕಿ. ಮೂರು ನಾಲ್ಕು ವಾರಕ್ಕೆ ಗಂಜಿ ಹುಳಿಯಾಗಿ ನೀರಾಗುತ್ತದೆ, ಅದಕ್ಕೆ ಮುಂಚೆ ಹೊಸ ಡಬ್ಬಿಗೆ ಬದಲಿಸಿ. ಈ ಹುಳುಗಳು ತಳಕ್ಕೆ ಇಳಿಯುತ್ತವೆ, ಅದೊಂದೇ ಕೊರತೆ.

ಆರ್ಟೀಮಿಯಾ ಮರಿ, ಅಂದರೆ ಬೇಬಿ ಬ್ರೈನ್ ಶ್ರಿಂಪ್. ಉಪ್ಪುನೀರಿನಲ್ಲಿ ಬದುಕುವ, ಸಿಗಡಿಯಂಥ ಪುಟ್ಟ ಜೀವಿಯ ಮರಿ. ಬೆಳವಣಿಗೆಗೆ ಇದನ್ನು ಮೀರಿಸುವುದು ಇಲ್ಲ. 1 ಲೀಟರ್ ನೀರಿಗೆ ಅಯೋಡಿನ್ ಇಲ್ಲದ ಉಪ್ಪು ಸುಮಾರು 25 ಗ್ರಾಂ, ಅರ್ಧ ಚಹಾ ಚಮಚ ಆರ್ಟೀಮಿಯಾ ಮೊಟ್ಟೆ, ತಳದಿಂದ ಜೋರಾಗಿ ಗಾಳಿ, ಮೇಲೊಂದು ದೀಪ. 26ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ 24ರಿಂದ 36 ಗಂಟೆಯಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಖಾಲಿ ಚಿಪ್ಪು ಮೇಲಕ್ಕೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಬೆಳಕಿನ ಕಡೆ ಗುಂಪಾಗುತ್ತವೆ. ಅವನ್ನು ಮಾತ್ರ ಎಳೆದುಕೊಂಡು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಬೇಕು. ಒಡೆದ ಕೆಲವೇ ಗಂಟೆಯೊಳಗೆ ತಿನ್ನಿಸಿ. ತಡವಾದಷ್ಟೂ ಅವುಗಳ ಮೈಯಲ್ಲಿನ ಸತ್ವ ಖರ್ಚಾಗುತ್ತದೆ.

ಜೋಡಿ ಬಿಡುವ ಮೊದಲೇ ಇದನ್ನು ಒಮ್ಮೆ ಸುಮ್ನೆ ಮಾಡಿ ನೋಡಿ. ನಿಮ್ಮ ಹತ್ತಿರ ಇರುವ ಮೊಟ್ಟೆ ಹಳೆಯದಾಗಿದ್ದರೆ ಒಡೆಯುವುದೇ ಇಲ್ಲ. ಅದು ಇವತ್ತೇ ಗೊತ್ತಾಗಲಿ, ಟ್ಯಾಂಕಿನಲ್ಲಿ ಮುನ್ನೂರು ಮರಿ ಹಸಿದಿರುವಾಗ ಬೇಡ.

## ಹಂತ 2: ಜೋಡಿ ಆರಿಸಿ

ವಯಸ್ಸು 4 ತಿಂಗಳಿಂದ 12 ತಿಂಗಳೊಳಗೆ ಇದ್ದರೆ ಚೆನ್ನ. ತುಂಬ ಉದ್ದ ಬಾಲದ, ವಯಸ್ಸಾದ ಗಂಡು ನೋಡಲು ಚೆಂದ, ಆದರೆ ಹೆಣ್ಣನ್ನು ಸುತ್ತಿಕೊಳ್ಳಲು ಅದಕ್ಕೆ ಕಷ್ಟವಾಗುತ್ತದೆ. ಮೊದಲ ಸಲ ಮಾಡುವವರಿಗೆ ಗಿಡ್ಡ ಬಾಲದ ಪ್ಲಕಾಟ್ ಗಂಡು ಒಳ್ಳೆಯದು. ಹೆಣ್ಣು ಗಂಡಿನಷ್ಟೇ ಅಥವಾ ತುಸು ಚಿಕ್ಕದಿರಲಿ.

ಹೆಣ್ಣಿನ ಹೊಟ್ಟೆಯಡಿ, ಮುಂದಿನ ಉದ್ದ ರೆಕ್ಕೆಗಳ ಹಿಂದೆ, ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಇರುತ್ತದೆ. ಮೊಟ್ಟೆ ಬರುವ ಜಾಗ ಅದು. ಎಳೆಯ ಗಂಡುಗಳಲ್ಲೂ ಈ ಚುಕ್ಕೆ ಕಾಣುವುದುಂಟು, ಅದಕ್ಕೇ ಇದೊಂದನ್ನೇ ನಂಬಬೇಡಿ. ಹೊಟ್ಟೆ ತುಂಬಿಕೊಂಡಿರಬೇಕು, ಕಿವಿರು ಅರಳಿಸಿದಾಗ ಗಲ್ಲದ ಕೆಳಗಿನ ಗಡ್ಡ ಗಂಡಿಗಿಂತ ಚಿಕ್ಕದಿರಬೇಕು.

ಹೆಣ್ಣು ಎಂದುಕೊಂಡು ಎಳೆಯ ಗಂಡನ್ನು ಒಳಗೆ ಬಿಡುವುದು ಬಹಳ ಜನ ಮಾಡುವ ತಪ್ಪು. ಒಂದೇ ರಾತ್ರಿಯಲ್ಲಿ ಒಂದು ಮೀನು ಸಾಯುತ್ತದೆ.

## ಹಂತ 3: ಬೇರೆ ಬೇರೆ ಇಟ್ಟು ಚೆನ್ನಾಗಿ ತಿನ್ನಿಸಿ

ಒಂದರಿಂದ ಎರಡು ವಾರ. ಒಂದನ್ನೊಂದು ನೋಡದಂತೆ ಇಡಿ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವೇ ಕೊಡಿ: ಸೊಳ್ಳೆ ಮರಿ, ಡಾಫ್ನಿಯಾ (ಸಿಹಿನೀರಿನ ಪುಟ್ಟ ಜೀವಿ), ಬ್ರೈನ್ ಶ್ರಿಂಪ್, ಫ್ರೋಜನ್ ಬ್ಲಡ್‌ವರ್ಮ್ (ಕೆಂಪು ಹುಳು). ಇದನ್ನು ತಪ್ಪಿಸಿದರೆ ಹೆಣ್ಣಿನಲ್ಲಿ ಮೊಟ್ಟೆ ಕಡಿಮೆ, ಗಂಡಿಗೆ ನಿತ್ರಾಣ. ಮೊಟ್ಟೆ ಕಾಯುವ ಅಷ್ಟೂ ದಿನ ಗಂಡು ಸರಿಯಾಗಿ ತಿನ್ನುವುದೇ ಇಲ್ಲ, ಹಸಿದ ಗಂಡಿಗೆ ಮೊಟ್ಟೆಯೇ ಊಟವಾಗಿಬಿಡಬಹುದು. ಟ್ಯಾಂಕಿಗೆ ಬಿಡುವ ಹೊತ್ತಿಗೆ ಅದರ ಮೈ ತುಂಬಿಕೊಂಡಿರಲಿ.

## ಹಂತ 4: ಟ್ಯಾಂಕ್ ಸಜ್ಜು ಮಾಡಿ

ನೀರು 10ರಿಂದ 15 ಸೆಂ.ಮೀ. ಆಳ ಮಾತ್ರ. ಫೈಟರ್ ಮೊಟ್ಟೆ ನೀರಿನಲ್ಲಿ ಮುಳುಗುತ್ತದೆ, ಗಂಡು ಒಂದೊಂದನ್ನೂ ಬಾಯಲ್ಲಿ ಎತ್ತಿ ಗೂಡಿಗೆ ಒಯ್ಯಬೇಕು. ಆಳ ಜಾಸ್ತಿಯಾದರೆ ಗಂಡು ಸೋಲುತ್ತದೆ, ಕೆಳಗೆ ಬಿದ್ದ ಮರಿಗಳೂ ಮೇಲಕ್ಕೆ ಬರಲಾರವು.

ತಳಕ್ಕೆ ಕಲ್ಲು, ಮರಳು ಏನೂ ಬೇಡ. ಕಲ್ಲಿನ ಸಂದಿಗೆ ಬಿದ್ದ ಮೊಟ್ಟೆ ಗಂಡಿಗೆ ಸಿಗುವುದಿಲ್ಲ, ಅಲ್ಲೇ ಬೂಸ್ಟು ಹಿಡಿಯುತ್ತದೆ.

ಉಷ್ಣತೆ 26ರಿಂದ 28 ಡಿಗ್ರಿ, ರಾತ್ರಿ ಹಗಲು ಒಂದೇ. ಕ್ಲೋರಿನ್ ಇರುವ ನೀರಾದರೆ ಒಂದು ದಿನ ಗಾಳಿ ಆಡಿಸಿ ಬಿಡಿ, ಇಲ್ಲವೇ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ನೀರಿಗೆ ಕ್ಲೋರಮಿನ್ ಹಾಕುತ್ತಿದ್ದರೆ ಸುಮ್ಮನೆ ಬಿಟ್ಟರೆ ಅದು ಹೋಗುವುದಿಲ್ಲ, ದ್ರಾವಣ ಬೇಕೇ ಬೇಕು.

ಸ್ಪಾಂಜ್ ಫಿಲ್ಟರ್ ಬೇರೆ ಟ್ಯಾಂಕಿನಲ್ಲಿ ಒಂದು ತಿಂಗಳಾದರೂ ಓಡಿ ಹಳೆಯದಾಗಿರಲಿ. ಅಮೋನಿಯಾವನ್ನು ತಿನ್ನುವ ಬ್ಯಾಕ್ಟೀರಿಯಾ ಹೊಸ ಸ್ಪಾಂಜಿನಲ್ಲಿ ಇರುವುದಿಲ್ಲ. ಜೋಡಿ ಒಳಗಿರುವಾಗ ಗಾಳಿ ನಿಲ್ಲಿಸಿಬಿಡಿ, ನೀರು ಅಲುಗಿದರೆ ಗೂಡು ಒಡೆಯುತ್ತದೆ.

ಒಂದು ಮೂಲೆಯಲ್ಲಿ ಥರ್ಮಕೋಲ್ ಲೋಟದ ಹೋಳನ್ನು ತೇಲಿಬಿಟ್ಟು ಟೇಪ್ ಹಾಕಿ ಅಂಟಿಸಿ. ಅದರ ಅಡಿಯಲ್ಲಿ ಗೂಡು ಬರುತ್ತದೆ. ಎದುರು ಮೂಲೆಯಲ್ಲಿ ದಟ್ಟವಾಗಿ ಮಾಸ್, ಗಿಡ, ಒಂದು ಬಾದಾಮಿ ಎಲೆ. ಅದು ಹೆಣ್ಣಿನ ಅಡಗುತಾಣ. ಅಲಂಕಾರಕ್ಕಲ್ಲ, ಹೆಣ್ಣಿನ ಜೀವ ಉಳಿಯುವುದು ಇದರಿಂದಲೇ.

ಗಿಡ ಹಾಕುವ ಮೊದಲು ಬಿಳಿ ತಟ್ಟೆಯಲ್ಲಿ ಅದ್ದಿ ನೋಡಿ. ಹೈಡ್ರಾ (ದಾರದಂಥ ಪುಟ್ಟ ಜೀವಿ), ಏರೋಪ್ಲೇನ್ ಚಿಟ್ಟೆಯ ಮರಿ ಇದ್ದರೆ ಆ ಗಿಡ ಬೇಡ. ಎರಡೂ ಮೀನುಮರಿ ತಿನ್ನುತ್ತವೆ.

## ಹಂತ 5: ಮುಖ ತೋರಿಸಿ

ಮೊದಲು ಗಂಡು. ಅದು ಒಂದು ದಿನ ಒಬ್ಬನೇ ಇದ್ದು ಜಾಗಕ್ಕೆ ಹೊಂದಿಕೊಳ್ಳಲಿ. ಮಾರನೇ ದಿನ ಹೆಣ್ಣನ್ನು ಜಾಡಿಯಲ್ಲಿ ಹಾಕಿ ಟ್ಯಾಂಕಿನೊಳಗೆ ಇಡಿ. ನೋಡಬಹುದು, ಮುಟ್ಟುವಂತಿಲ್ಲ.

ಗಂಡು ಕಿವಿರು ಅರಳಿಸಿ ಕುಣಿಯುತ್ತದೆ, ಓಡಿ ಹೋಗಿ ಗುಳ್ಳೆ ಬಿಡುತ್ತದೆ, ಮತ್ತೆ ಬಂದು ಕುಣಿಯುತ್ತದೆ. ಈಗ ನಿಮ್ಮ ಕಣ್ಣು ಗಂಡಿನ ಮೇಲಲ್ಲ, ಹೆಣ್ಣಿನ ಮೇಲೆ ಇರಬೇಕು. ಅದರ ಮೈಮೇಲೆ ಮೇಲಿಂದ ಕೆಳಕ್ಕೆ ತೆಳು ಪಟ್ಟಿಗಳು ಮೂಡಿದರೆ ಸಿದ್ಧ ಎಂದರ್ಥ. ತಲೆಯಿಂದ ಬಾಲದವರೆಗೆ ಉದ್ದಕ್ಕೆ ಕಪ್ಪು ಗೆರೆ ಮೂಡಿದರೆ ಹೆದರಿದೆ ಅಥವಾ ಇನ್ನೂ ಎಳೆಯದು, ಬಿಡಬೇಡಿ. ತೆಳು ಬಣ್ಣದ ಮೀನಿನಲ್ಲಿ ಪಟ್ಟಿ ಕಾಣದಿರಬಹುದು. ಆಗ ಅದರ ನಡತೆ ನೋಡಿ. ತಲೆ ತಗ್ಗಿಸಿ ಗಂಡಿನ ಕಡೆಗೇ ಬರುತ್ತಿದ್ದರೆ ಒಪ್ಪಿಗೆ ಇದೆ. ಜಾಡಿಯ ಆಚೆ ಬದಿಗೆ ಒತ್ತಿಕೊಂಡು ಓಡಲು ನೋಡುತ್ತಿದ್ದರೆ ಇಲ್ಲ.

ಒಂದು ದಿನದಿಂದ ಎರಡು ದಿನ ಹೀಗೇ ಇರಲಿ. ಗಂಡಿನ ಗೂಡು ದಪ್ಪವಾಗಿ, ಹೆಣ್ಣು ಸಿದ್ಧವಾಗಿದ್ದರೆ ಮಾತ್ರ ಮುಂದಿನ ಹಂತ. ಗೂಡು ತೀರಾ ದೊಡ್ಡದಿರಲೇಬೇಕು ಎಂದೇನಿಲ್ಲ. ಕೆಲವು ಗಂಡುಗಳು ಹೆಣ್ಣು ಪಕ್ಕಕ್ಕೆ ಬಂದ ಮೇಲೇ ಸರಿಯಾಗಿ ಕಟ್ಟುತ್ತವೆ.

## ಹಂತ 6: ಹೆಣ್ಣನ್ನು ಬಿಡಿ, ಕಾಯಿರಿ

ಬೆಳಗ್ಗೆ ಬಿಡಿ. ಇಡೀ ದಿನ ಆಗಾಗ ನೋಡಲು ಆಗುತ್ತದೆ. ರಾತ್ರಿ ಬಿಟ್ಟು ಮಲಗುವುದು ಬೇಡವೇ ಬೇಡ.

ಮೊದಲು ಅಟ್ಟಾಡಿಸುವುದು, ಕಚ್ಚುವುದು ನಡೆಯುತ್ತದೆ. ನೋಡಲು ಕಷ್ಟವಾಗುತ್ತದೆ, ಆದರೆ ರೆಕ್ಕೆಯ ಅಂಚು ಹರಿಯುವಷ್ಟು ಜಗಳ ಮಾಮೂಲು. ಪ್ರತಿ ಸಲ ಕೈ ಹಾಕಿ ಬಿಡಿಸಿದರೆ ಇಬ್ಬರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಆದರೆ ಹೆಣ್ಣಿನ ಹುರುಪೆ ಎದ್ದು ಮೈ ಕಾಣಿಸಿದರೆ, ಗಾಳಿ ತೆಗೆದುಕೊಳ್ಳಲೂ ಮೇಲೆ ಬರಲು ಹೆದರಿದರೆ, ಅಥವಾ ತಿರುಗಿ ಬಿದ್ದು ಗಂಡನ್ನೇ ಹರಿಯತೊಡಗಿದರೆ ತಕ್ಷಣ ಬೇರೆ ಮಾಡಿ.

ಸರಿಹೊಂದಿದರೆ ಹೆಣ್ಣು ತಲೆ ತಗ್ಗಿಸಿ ಗೂಡಿನಡಿಗೆ ಬರುತ್ತದೆ. ಗಂಡು ತನ್ನ ಮೈಯನ್ನು ಬಾಗಿಸಿ ಹೆಣ್ಣನ್ನು ಸುತ್ತಿಕೊಳ್ಳುತ್ತದೆ. ಮೊದಮೊದಲ ಸುತ್ತಿನಲ್ಲಿ ಮೊಟ್ಟೆ ಬರದೇ ಇರಬಹುದು, ಗಾಬರಿ ಬೇಡ. ಆಮೇಲೆ ಪ್ರತಿ ಸುತ್ತಿಗೂ ಒಂದಷ್ಟು ಬಿಳಿ ಮೊಟ್ಟೆ ರವೆಯ ಕಾಳಿನಂತೆ ಉದುರುತ್ತವೆ. ಹೆಣ್ಣು ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿದಂತೆ ಅಡ್ಡಡ್ಡ ತೇಲುತ್ತದೆ. ಸತ್ತಿಲ್ಲ, ಅದು ಹಾಗೇ. ಗಂಡು ಕೆಳಗಿಳಿದು ಮೊಟ್ಟೆ ಆರಿಸಿ ಗೂಡಿಗೆ ಉಗುಳುತ್ತದೆ. ಇದು ಕೆಲವು ಗಂಟೆ ನಡೆಯುತ್ತದೆ. ಒಂದು ಸಲಕ್ಕೆ ನೂರರಿಂದ ಐನೂರರವರೆಗೂ ಮೊಟ್ಟೆ ಸಿಗಬಹುದು.

ಈ ಹೊತ್ತಿನಲ್ಲಿ ಟ್ಯಾಂಕಿನ ಮುಂದೆ ಓಡಾಡುವುದು, ಮುಚ್ಚಳ ತೆಗೆಯುವುದು, ಫ್ಲಾಶ್ ಹಾಕಿ ಫೋಟೋ ತೆಗೆಯುವುದು ಬೇಡ. ಆಸೆ ಆಗುವುದು ಸಹಜ. ದೂರದಿಂದ ನೋಡಿ.

ಎರಡು ಮೂರು ದಿನವಾದರೂ ಏನೂ ಆಗದಿದ್ದರೆ ಬೇರೆ ಮಾಡಿ, ಎರಡು ವಾರ ತಿನ್ನಿಸಿ, ಮತ್ತೆ ಪ್ರಯತ್ನಿಸಿ.

## ಹಂತ 7: ಹೆಣ್ಣನ್ನು ತೆಗೆಯಿರಿ, ಗಂಡನ್ನು ಮುಟ್ಟಬೇಡಿ

ಮೊಟ್ಟೆ ಮುಗಿದಾಗ ಗಂಡು ಹೆಣ್ಣನ್ನು ಓಡಿಸುತ್ತದೆ, ಹೆಣ್ಣು ಮೂಲೆ ಸೇರುತ್ತದೆ. ಗೂಡು ಅಲುಗದಂತೆ ಹೆಣ್ಣನ್ನು ಲೋಟದಿಂದ ಎತ್ತಿ, ಅದೇ ಉಷ್ಣತೆಯ ಶುದ್ಧ ನೀರಿಗೆ ಬಾದಾಮಿ ಎಲೆಯ ಜೊತೆ ಬಿಡಿ. ಗಾಯ ಮಾಯಲು ಒಂದೆರಡು ವಾರ ಬೇಕು.

ಗಂಡು ಇನ್ನು ಮೇಲೆ ಗೂಡಿನ ಕಾವಲುಗಾರ. ಗುಳ್ಳೆ ಸೇರಿಸುತ್ತದೆ, ಬಿದ್ದ ಮೊಟ್ಟೆ ಎತ್ತಿಡುತ್ತದೆ, ಕೆಟ್ಟ ಮೊಟ್ಟೆ ತಿನ್ನುತ್ತದೆ. ಗಂಡು ಕೆಲವು ಮೊಟ್ಟೆ ತಿಂದ ಕೂಡಲೇ ಗಾಬರಿಯಿಂದ ಅದನ್ನು ಎತ್ತಿಬಿಡುವವರು ಬಹಳ ಜನ. ಬೂಸ್ಟು ಹಿಡಿದ ಮೊಟ್ಟೆ ತಿನ್ನುವುದು ಅದರ ಕೆಲಸವೇ. ಗೂಡು ಪೂರ್ತಿ ಖಾಲಿಯಾದರೆ ಮಾತ್ರ ಚಿಂತಿಸಿ. ಮೊದಲ ಸಲದ ಗಂಡು ಹಾಗೆ ಮಾಡುವುದುಂಟು, ಎರಡನೇ ಮೂರನೇ ಸಲಕ್ಕೆ ಕಲಿಯುತ್ತದೆ.

ರಾತ್ರಿಯೂ ಒಂದು ಮಂದ ದೀಪ ಇರಲಿ. ಕತ್ತಲಲ್ಲಿ ಬಿದ್ದ ಮರಿ ಗಂಡಿಗೆ ಕಾಣುವುದಿಲ್ಲ. ಗಂಡಿಗೆ ಊಟ ಹಾಕಬೇಡಿ, ತಿನ್ನದೆ ಬಿಟ್ಟದ್ದು ಕೊಳೆಯುತ್ತದೆ.

24ರಿಂದ 48 ಗಂಟೆಯಲ್ಲಿ ಮೊಟ್ಟೆ ಒಡೆಯುತ್ತದೆ. ಮರಿಗಳು ತಲೆ ಮೇಲೆ, ಬಾಲ ಕೆಳಗೆ ಮಾಡಿ ಗೂಡಿಗೆ ನೇತುಬೀಳುತ್ತವೆ. ಆಗಾಗ ಜಾರಿ ಬೀಳುತ್ತವೆ, ಗಂಡು ಓಡಿ ಹೋಗಿ ಬಾಯಲ್ಲಿ ತಂದು ಮತ್ತೆ ಸೇರಿಸುತ್ತದೆ. ಈ ಎರಡು ಮೂರು ದಿನ ಹೊಟ್ಟೆಯಡಿಯ ಹಳದಿ ಚೀಲವೇ ಮರಿಗಳ ಊಟ. ನೀವು ಏನೂ ಹಾಕಬಾರದು.

## ಹಂತ 8: ಅಡ್ಡಲಾಗಿ ಈಜಿದ ದಿನ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ದಿನ ಇದು. ಮರಿಗಳು ಬಾಲ ಇಳಿಬಿಟ್ಟು ನೇತಾಡುವುದನ್ನು ಬಿಟ್ಟು, ದೊಡ್ಡ ಮೀನಿನಂತೆ ಅಡ್ಡಲಾಗಿ ಈಜುತ್ತವೆ. ಮೊಟ್ಟೆ ಇಟ್ಟ ನಾಲ್ಕನೇ ಅಥವಾ ಐದನೇ ದಿನ ಹೀಗಾಗುತ್ತದೆ. ಎಲ್ಲವೂ ಒಂದೇ ಗಂಟೆಯಲ್ಲಿ ಈಜುವುದಿಲ್ಲ. ಹೆಚ್ಚಿನವು ಈಜತೊಡಗಿದಾಗ ಎರಡು ಕೆಲಸ ಮಾಡಿ.

ಒಂದು, ಗಂಡನ್ನು ತೆಗೆಯಿರಿ. ಮರಿಗಳು ಚದುರಿದ ಮೇಲೆ ಅವನ್ನು ಹಿಡಿದು ಹಿಡಿದು ಅದಕ್ಕೆ ಸಾಕಾಗುತ್ತದೆ, ಕೆಲವು ಗಂಡುಗಳು ತಿನ್ನಲು ಶುರು ಮಾಡುತ್ತವೆ. ಎತ್ತುವಾಗ ಲೋಟದೊಳಗೆ ಮರಿ ಬಂದಿದೆಯಾ, ಟಾರ್ಚ್ ಹಾಕಿ ನೋಡಿ.

ಎರಡು, ಅವತ್ತೇ ಊಟ ಶುರು. ನಾಳೆ ಅಲ್ಲ. ಏರ್ ಪಂಪ್ ಹಾಕಿ, ಆದರೆ ವಾಲ್ವ್ ತಿರುಗಿಸಿ ಒಂದೊಂದೇ ಗುಳ್ಳೆ ಬರುವಂತೆ ಇಡಿ. ಮರಿಗಳು ಹರಿವಿಗೆ ಸಿಕ್ಕಿ ಕೊಚ್ಚಿಹೋಗುತ್ತಿದ್ದರೆ ಇನ್ನೂ ಕಡಿಮೆ ಮಾಡಿ.

## ಹಂತ 9: ಮೊದಲ ಎರಡು ವಾರ

ಬ್ಯಾಚ್ ಉಳಿಯುವುದೂ ಹೋಗುವುದೂ ಇಲ್ಲೇ.

ಮೊದಲ ಎರಡು ಮೂರು ದಿನ ಇನ್ಫ್ಯೂಸೋರಿಯಾ ಅಥವಾ ವಿನೆಗರ್ ಈಲ್, ಜೊತೆಗೆ ಸ್ವಲ್ಪ ಮೈಕ್ರೋವರ್ಮ್. ಆಮೇಲೆ ಆಗ ತಾನೇ ಒಡೆದ ಆರ್ಟೀಮಿಯಾ. ಫೈಟರ್ ಮರಿಗಳಲ್ಲಿ ದೊಡ್ಡವು ಮೊದಲ ದಿನವೇ ಆರ್ಟೀಮಿಯಾ ಹಿಡಿಯುವುದುಂಟು. ಆದರೆ ಚಿಕ್ಕವು ಹಸಿಯಬಾರದು, ಅದಕ್ಕೇ ಎರಡನ್ನೂ ಕೆಲವು ದಿನ ಜೊತೆಯಾಗಿ ಹಾಕಿ.

ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಕೆಲವೇ ಹನಿ. ಹತ್ತು ನಿಮಿಷ ಬಿಟ್ಟು ಬದಿಯಿಂದ ಟಾರ್ಚ್ ಬಿಡಿ. ಆರ್ಟೀಮಿಯಾ ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ಹೊಳೆಯುತ್ತದೆ, ಮೈಕ್ರೋವರ್ಮ್ ತಿಂದರೆ ಬೆಳ್ಳಗೆ ಉಬ್ಬಿರುತ್ತದೆ. ಈ ಹೊಟ್ಟೆಗಳನ್ನು ನೋಡುವಾಗ ಆಗುವ ಸಮಾಧಾನ ಹೇಳಿ ತಿಳಿಸುವಂಥದ್ದಲ್ಲ. ಹೊಟ್ಟೆ ಒಳಗೆ ಅಂಟಿಕೊಂಡು ತಲೆ ದಪ್ಪ ಕಂಡರೆ ಮರಿ ಹಸಿದಿದೆ. ಊಟ ಟ್ಯಾಂಕಿನಲ್ಲಿದ್ದರೂ ಅದರ ಬಾಯಿಗೆ ಸಿಗುತ್ತಿಲ್ಲ ಎಂದರ್ಥ, ಇನ್ನೂ ಚಿಕ್ಕ ಊಟ ಹಾಕಿ.

ಉಳಿದ ಆರ್ಟೀಮಿಯಾ ಸಿಹಿನೀರಿನಲ್ಲಿ ಕೆಲವು ಗಂಟೆಯಲ್ಲಿ ಸಾಯುತ್ತದೆ, ತಳದಲ್ಲಿ ಕಿತ್ತಳೆ ಪದರವಾಗುತ್ತದೆ. ಅದನ್ನು ದಿನವೂ ಡ್ರಾಪರಿನಿಂದ ಎಳೆದು ತೆಗೆಯಿರಿ. ಒಂದೆರಡು ಪುಟ್ಟ ಬಸವನಹುಳು ಬಿಟ್ಟರೂ ಉಳಿದದ್ದನ್ನು ಸ್ವಚ್ಛ ಮಾಡುತ್ತವೆ.

ನೀರು ಬದಲಿಸುವುದು: ಮೊದಲ ವಾರ ತೆಗೆಯುವುದಕ್ಕಿಂತ ಸೇರಿಸುವುದು ಒಳ್ಳೆಯದು. ಮೊದಲು ಕಡಿಮೆ ನೀರು ಇಟ್ಟದ್ದು ಇದಕ್ಕೂ ಉಪಯೋಗಕ್ಕೆ ಬರುತ್ತದೆ. ಅದೇ ಉಷ್ಣತೆಯ ನೀರನ್ನು ತೆಳು ಪೈಪಿನಿಂದ ಹನಿಹನಿಯಾಗಿ ಬಿಡುತ್ತಾ ದಿನಕ್ಕೆ ಒಂದು ಸೆಂ.ಮೀ. ಏರಿಸಿ. ಎರಡನೇ ವಾರದಿಂದ ಎರಡು ದಿನಕ್ಕೊಮ್ಮೆ ಹತ್ತನೇ ಒಂದು ಪಾಲು ತೆಗೆಯಿರಿ. ಪೈಪಿನ ಬಾಯಿಗೆ ತೆಳು ಬಟ್ಟೆ ಕಟ್ಟಿ, ನೀರನ್ನು ಬಿಳಿ ಬಕೆಟ್ಟಿಗೆ ಬಿಡಿ. ಎಷ್ಟೇ ಜಾಗ್ರತೆ ಮಾಡಿದರೂ ಒಂದೆರಡು ಮರಿ ಬಂದಿರುತ್ತವೆ, ಬಿಳಿ ತಳದ ಮೇಲೆ ಅವು ಕಾಣುತ್ತವೆ. ಡ್ರಾಪರಿನಿಂದ ವಾಪಸ್ ಬಿಡಿ.

ಅಮೋನಿಯಾ ಸೊನ್ನೆ ಇರಬೇಕು. ಏರಿದರೆ ಊಟ ಅರ್ಧ ಮಾಡಿ, ನೀರು ಸ್ವಲ್ಪ ಸ್ವಲ್ಪವಾಗಿ ದಿನವೂ ಬದಲಿಸಿ. ಒಂದೇ ಸಲ ಅರ್ಧ ಟ್ಯಾಂಕ್ ಬದಲಿಸಿ ಇಡೀ ಬ್ಯಾಚ್ ಕಳೆದುಕೊಂಡವರು ಇದ್ದಾರೆ.

## ಹಂತ 10: ಮೂರನೇ ವಾರದಿಂದ ಮುಂದೆ

ಫೈಟರ್, ಗೌರಾಮಿಗಳ ತಲೆಯಲ್ಲಿ ಹೊರಗಿನ ಗಾಳಿ ಉಸಿರಾಡುವ ಒಂದು ಅಂಗವಿದೆ, ಲ್ಯಾಬಿರಿಂತ್ ಎನ್ನುತ್ತಾರೆ. ಮರಿ ಹುಟ್ಟುವಾಗ ಅದು ಇರುವುದಿಲ್ಲ, ಕೆಲವು ವಾರಗಳಲ್ಲಿ ಬೆಳೆಯುತ್ತದೆ. ಆಗ ಮರಿಗಳು ಮೇಲೆ ಬಂದು ಗಾಳಿ ನುಂಗಲು ಶುರು ಮಾಡುತ್ತವೆ. ನೀರಿನ ಮೇಲಿನ ಗಾಳಿ ಬೆಚ್ಚಗೆ, ತೇವವಾಗಿ ಇರಬೇಕು. ಅದಕ್ಕೇ ಮುಚ್ಚಳ. ಮೊದಲ ಆರು ವಾರ ಅದನ್ನು ಬೇಕಾಬಿಟ್ಟಿ ತೆರೆದಿಡಬೇಡಿ. ನೀರಿನ ಮೇಲೆ ಎಣ್ಣೆಯಂಥ ಪದರ ಕಟ್ಟಿದರೆ ಟಿಶ್ಯೂ ಕಾಗದ ಹಾಸಿ ಎಳೆದು ತೆಗೆಯಿರಿ.

ಮರಿಗಳು ಸುಮಾರು 1 ಸೆಂ.ಮೀ. ಆದಾಗ ದೊಡ್ಡ ಟ್ಯಾಂಕಿಗೆ ಬದಲಿಸಿ. ಊಟದಲ್ಲಿ ಡಾಫ್ನಿಯಾ, ಆಮೇಲೆ ನುಣ್ಣಗೆ ಪುಡಿ ಮಾಡಿದ ಕಾಳು ನಿಧಾನವಾಗಿ ಸೇರಿಸಿ. ದೊಡ್ಡ ಮರಿ ಚಿಕ್ಕದನ್ನು ನುಂಗಬಹುದು, ಗಾತ್ರ ನೋಡಿ ಬೇರೆ ಮಾಡಿ.

ಎರಡರಿಂದ ಮೂರು ತಿಂಗಳಲ್ಲಿ ಗಂಡುಗಳ ಜಗಳ ಶುರುವಾಗುತ್ತದೆ. ಕಿವಿರು ಅರಳಿಸಿ ಅಟ್ಟಾಡಿಸುವ ಗಂಡನ್ನು ಅವತ್ತೇ ಬೇರೆ ಮಾಡಿ. ಇಲ್ಲಿ ಒಂದು ಲೆಕ್ಕ ಮೊದಲೇ ಹಾಕಿರಬೇಕು: ನೂರು ಮರಿ ಉಳಿದರೆ ಐವತ್ತರಷ್ಟು ಗಂಡು ಇರಬಹುದು, ಒಂದೊಂದಕ್ಕೂ ಬೇರೆ ಡಬ್ಬಿ, ಬೇರೆ ಬೆಚ್ಚಗಿನ ನೀರು, ಬೇರೆ ಊಟ. ಇಷ್ಟಕ್ಕೆ ಜಾಗ, ಸಮಯ, ತೆಗೆದುಕೊಳ್ಳುವವರು ಇಲ್ಲದಿದ್ದರೆ ಜೋಡಿ ಬಿಡಬೇಡಿ. ಹೆಚ್ಚಾದ ಮೀನನ್ನು ಕೆರೆಗೆ, ಹೊಳೆಗೆ ಬಿಡುವುದಂತೂ ಯಾವ ಕಾರಣಕ್ಕೂ ಕೂಡದು.

## ಗೌರಾಮಿ ಆದರೆ ಏನು ಬದಲಾಗುತ್ತದೆ

ಡ್ವಾರ್ಫ್ ಗೌರಾಮಿ, ಬ್ಲೂ ಗೌರಾಮಿಗಳ ಮೊಟ್ಟೆ ಮುಳುಗುವುದಿಲ್ಲ, ತಾನೇ ತೇಲಿ ಗೂಡು ಸೇರುತ್ತದೆ. ನೀರು 15ರಿಂದ 20 ಸೆಂ.ಮೀ. ಇದ್ದರೂ ನಡೆಯುತ್ತದೆ. ಡ್ವಾರ್ಫ್ ಗೌರಾಮಿ ಗಂಡು ಗುಳ್ಳೆಯ ಜೊತೆ ಗಿಡದ ಚೂರು ಸೇರಿಸಿ ಗೂಡು ಹೆಣೆಯುತ್ತದೆ, ತೇಲುವ ಗಿಡ ಇಲ್ಲದಿದ್ದರೆ ಅದಕ್ಕೆ ಮನಸ್ಸೇ ಬರುವುದಿಲ್ಲ. ಬ್ಲೂ ಗೌರಾಮಿ ದೊಡ್ಡ ಮೀನು, ಹೆಣ್ಣಿಗೆ ಓಡಲು ಜಾಗ ಬೇಕು. 60 ಲೀಟರಿಗಿಂತ ಚಿಕ್ಕ ಟ್ಯಾಂಕ್ ಬೇಡ. ಬೆನ್ನಿನ ರೆಕ್ಕೆ ಉದ್ದವಾಗಿ ಚೂಪಾಗಿದ್ದರೆ ಗಂಡು, ಗಿಡ್ಡವಾಗಿ ದುಂಡಗಿದ್ದರೆ ಹೆಣ್ಣು.

ದೊಡ್ಡ ವ್ಯತ್ಯಾಸ ಮರಿಗಳದ್ದು. ಗೌರಾಮಿ ಮರಿ ಫೈಟರ್ ಮರಿಗಿಂತಲೂ ಚಿಕ್ಕದು. ಮೊದಲ ಒಂದು ವಾರದಿಂದ ಹತ್ತು ದಿನ ಇನ್ಫ್ಯೂಸೋರಿಯಾ ಇಲ್ಲದೆ ಉಳಿಯುವುದಿಲ್ಲ, ಆರ್ಟೀಮಿಯಾ ಅವುಗಳ ಬಾಯಿಗೆ ಹಿಡಿಯದು. ಮೂರು ನಾಲ್ಕು ಜಾಡಿಗಳನ್ನು ಎರಡೆರಡು ದಿನದ ಅಂತರದಲ್ಲಿ ಇಟ್ಟರೆ ಊಟ ನಿಲ್ಲದೆ ಸಿಗುತ್ತದೆ. ಫೈಟರ್‌ನಲ್ಲಿ ಒಂದು ಬ್ಯಾಚ್ ಬೆಳೆಸಿದ ಮೇಲೆ ಗೌರಾಮಿಗೆ ಕೈ ಹಾಕುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

## ಈ ಗುರುತು ಕಂಡರೆ ತಡಮಾಡಬೇಡಿ

ಮೊಟ್ಟೆಗಳೆಲ್ಲ ಬೆಳ್ಳಗೆ, ಹತ್ತಿಯಂತೆ ನೂಲು ಬಿಟ್ಟಿವೆ. ಬೂಸ್ಟು. ಗಂಡು ಮೊಟ್ಟೆಗೆ ವೀರ್ಯ ಸರಿಯಾಗಿ ಬಿಟ್ಟಿಲ್ಲ, ಅಥವಾ ನೀರು ತಣ್ಣಗಿದೆ. ಥರ್ಮಾಮೀಟರ್ ನೋಡಿ. ಒಂದಿಷ್ಟು ಮಾತ್ರ ಹೀಗಿದ್ದರೆ ಗಂಡು ನೋಡಿಕೊಳ್ಳುತ್ತದೆ.

ಮರಿಗಳು ಹಳದಿ ಧೂಳು ಮೆತ್ತಿದಂತೆ ಮಿನುಗುತ್ತಿವೆ, ರೆಕ್ಕೆ ಮಡಚಿ ನಡುಗುತ್ತಿವೆ. ವೆಲ್ವೆಟ್ ಎಂಬ ಪರೋಪಜೀವಿ ರೋಗ. ಮರಿಗಳನ್ನು ಬಹಳ ಬೇಗ ಮುಗಿಸುತ್ತದೆ. ಟ್ಯಾಂಕನ್ನು ಕತ್ತಲು ಮಾಡಿ, ಮರಿಗಳಿಗೆ ಹೊಂದುವ ವೆಲ್ವೆಟ್ ಔಷಧಿಯನ್ನು ಅಳತೆ ಮೀರದೆ ಹಾಕಿ. ಆ ಟ್ಯಾಂಕಿನ ಬಲೆ, ಪೈಪು ಬೇರೆ ಟ್ಯಾಂಕಿಗೆ ಹೋಗಬಾರದು.

ಎಲ್ಲ ಮರಿಗಳೂ ಹೀಟರ್ ಸುತ್ತ ಗುಂಪಾಗಿವೆ. ನೀರು ತಣ್ಣಗಾಗಿದೆ.

ನೀರು ಹಾಲಿನಂತಾಗಿದೆ, ನಾತ ಬರುತ್ತಿದೆ. ಊಟ ಜಾಸ್ತಿಯಾಗಿದೆ. ಅವತ್ತು ಊಟ ನಿಲ್ಲಿಸಿ, ತಳ ಎಳೆದು, ಹನಿಹನಿಯಾಗಿ ಹೊಸ ನೀರು ಬಿಡಿ.

ದಿನವೂ ಸಂಖ್ಯೆ ಕಡಿಮೆಯಾಗುತ್ತಿದೆ, ಹೆಣ ಮಾತ್ರ ಕಾಣುತ್ತಿಲ್ಲ. ಗಾಜಿನ ಮೇಲೆ, ಗಿಡದ ಮೇಲೆ ಟಾರ್ಚ್ ಬಿಟ್ಟು ಹೈಡ್ರಾ ಹುಡುಕಿ. ಕೈ ಚಾಚಿದ ಪುಟ್ಟ ದಾರದಂತೆ ಅಂಟಿಕೊಂಡಿರುತ್ತದೆ. ಸಿಕ್ಕರೆ ಗಿಡವನ್ನು ಹೊರಗೆ ತೆಗೆದು, ಗಾಜಿನ ಮೇಲಿನದನ್ನು ಪೈಪಿನಿಂದ ಎಳೆಯಿರಿ.

ಬ್ಯಾಚ್ ಪೂರ್ತಿ ಹೋದರೂ ಮಾರನೇ ದಿನವೇ ಅದೇ ಜೋಡಿಯನ್ನು ಮತ್ತೆ ಬಿಡಬೇಡಿ. ಹೆಣ್ಣಿನ ರೆಕ್ಕೆ ಮತ್ತೆ ಬೆಳೆದು ಹೊಟ್ಟೆ ತುಂಬಿಕೊಳ್ಳಲು, ಗಂಡಿನ ಮೈಗೆ ಶಕ್ತಿ ಬರಲು ಎರಡರಿಂದ ಮೂರು ವಾರ ಕೊಡಿ. ಅಷ್ಟರಲ್ಲಿ ಟ್ಯಾಂಕ್ ತೊಳೆದು ಒಣಗಿಸಿ, ಹೊಸ ಮೈಕ್ರೋವರ್ಮ್ ಡಬ್ಬಿ ಇಟ್ಟು, ಅದರ ಗೋಡೆ ಹತ್ತುವ ಹುಳು ಕಾಣುವವರೆಗೂ ಕಾಯಿರಿ.